ಗುರು, ಶನಿಗಳ ಒಡಲಲ್ಲಿ ಹೀಲಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಹೀಲಿಯಂ ಜಡಾನಿಲ, ಯಾವ ಧಾತುವಿನ ಗೋಜಿಗೂ ಹೋಗುವುದಿಲ್ಲ ಎಂದು ಶಾಲೆಯಲ್ಲಿ ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಆದರೆ ಗುರು ಮತ್ತು ಶನಿಯ ಆಳದಲ್ಲಿ ಈ ಗೋಜಿಗೆ ಹೋಗದ ಗುಣವೇ ಇಡೀ ಗ್ರಹದ ಚರಿತ್ರೆಯನ್ನು ತಿದ್ದುತ್ತಿದೆ. ಶನಿ ತನ್ನ ವಯಸ್ಸಿಗೆ ತಕ್ಕಷ್ಟು ತಣ್ಣಗಾಗದಿರುವುದು, ಗುರುವಿನ ಮೇಲ್ಪದರದಲ್ಲಿ ನಿಯಾನ್ ವಿರಳವಾಗಿರುವುದು, ಶನಿಯ ಕಾಂತಕ್ಷೇತ್ರ ನಂಬಲಾಗದಷ್ಟು ನೆಟ್ಟಗಿರುವುದು, ಇವೆಲ್ಲದರ ಹಿಂದೆ ಹೀಲಿಯಂನ ಕೈವಾಡ ಕಾಣುತ್ತದೆ. ಈ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರಗಳು ಇಲ್ಲಿವೆ.

ಗುರು, ಶನಿಗಳಲ್ಲಿ ಹೀಲಿಯಂ ಎಷ್ಟಿದೆ? ಅದು ಎಲ್ಲಿಂದ ಬಂತು?

ಸುಮಾರು 450 ಕೋಟಿ ವರ್ಷಗಳ ಹಿಂದೆ ಸೂರ್ಯ ಹುಟ್ಟಿದ ಅನಿಲದ ಮೋಡದಿಂದಲೇ ಬಂತು. ಆ ಮೋಡದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 27 ಶತಾಂಶ ಹೀಲಿಯಂ ಇತ್ತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಜಲಜನಕ. ಆ ಹೀಲಿಯಂನಲ್ಲಿ ಬಹುಪಾಲು ಬ್ರಹ್ಮಾಂಡದ ಮೊದಲ ಕೆಲವು ನಿಮಿಷಗಳಲ್ಲೇ ತಯಾರಾದದ್ದು. ಗುರುವಿನ ತೂಕ 318 ಭೂಮಿಗಳಷ್ಟು. ಅದರೊಳಗಿನ ಹೀಲಿಯಂ ಒಂದೇ ಹಲವು ಹತ್ತು ಭೂಮಿಗಳ ತೂಕಕ್ಕೆ ಸಮ. ಹೀಗಾಗಿ ಇದನ್ನು ಉಪ್ಪಿನಕಾಯಿಯಂತೆ ಪಕ್ಕಕ್ಕಿಟ್ಟು ಗ್ರಹದ ಒಳರಚನೆಯನ್ನು ಲೆಕ್ಕ ಹಾಕಲು ಬರುವುದಿಲ್ಲ.

ಆ ಆಳದಲ್ಲಿ ಒತ್ತಡ ಮತ್ತು ತಾಪಮಾನ ಎಷ್ಟಿರುತ್ತದೆ?

ಗುರುವಿಗೆ ಕಾಲೂರುವ ನೆಲವಿಲ್ಲ. ಭೂಮಿಯ ಸಮುದ್ರಮಟ್ಟದಷ್ಟು ಒತ್ತಡವಿರುವ ಪದರದಲ್ಲಿ ತಾಪಮಾನ ಸೊನ್ನೆಗಿಂತ ಸುಮಾರು 107 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿಂದ ಕೆಳಗಿಳಿದಂತೆ ಎರಡೂ ಏರುತ್ತಲೇ ಹೋಗುತ್ತವೆ. ಒತ್ತಡ ನಮ್ಮ ವಾಯುಭಾರದ 10 ಲಕ್ಷ ಪಟ್ಟಾಗುವಲ್ಲಿ ತಾಪಮಾನ ಐದಾರು ಸಾವಿರ ಡಿಗ್ರಿ, ಅಂದರೆ ಸೂರ್ಯನ ಮೇಲ್ಮೈಯ ಆಸುಪಾಸು. ಕೇಂದ್ರದಲ್ಲಿ ಒತ್ತಡ ಹಲವು ಕೋಟಿ ಪಟ್ಟು, ತಾಪಮಾನ 15,000ದಿಂದ 20,000 ಡಿಗ್ರಿಯ ಸುಮಾರಿಗೆ ಎಂದು ಅಂದಾಜು. ಶನಿಯ ತೂಕ 95 ಭೂಮಿಗಳಷ್ಟು ಮಾತ್ರ. ಅದರ ಒಳಗಿನ ಒತ್ತಡ ಕಡಿಮೆ, ಮತ್ತು ಅದೇ ಒತ್ತಡದ ಮಟ್ಟದಲ್ಲಿ ಅದು ಗುರುವಿಗಿಂತ ತಂಪು. ಈ ತಂಪಿನ ವ್ಯತ್ಯಾಸವನ್ನು ನೆನಪಿಡಿ, ಮುಂದಿನ ಕಥೆ ನಿಂತಿರುವುದು ಅದರ ಮೇಲೆಯೇ.

ಅಷ್ಟು ಒತ್ತಡದಲ್ಲಿ ಹೀಲಿಯಂ ಘನವಾಗುತ್ತದೆಯೋ, ದ್ರವವಾಗುತ್ತದೆಯೋ?

ಒತ್ತಡ ಒಂದೇ ಇದ್ದರೆ ಘನವಾಗಬಹುದಿತ್ತು. ಕೋಣೆಯ ತಾಪಮಾನದಲ್ಲಿ ಹೀಲಿಯಂ ಅನ್ನು ಎರಡು ವಜ್ರಗಳ ತುದಿಗಳ ನಡುವೆ ಹಿಂಡುತ್ತಾ ಹೋದರೆ, ಲಕ್ಷ ವಾಯುಭಾರ ದಾಟಿದ ಮೇಲೆ ಅದು ಹೆಪ್ಪುಗಟ್ಟುತ್ತದೆ. ಗ್ರಹದೊಳಗೆ ಹಾಗಾಗದಿರಲು ಕಾರಣ ಅಲ್ಲಿನ ಬಿಸಿ. ಸಾವಿರಾರು ಡಿಗ್ರಿಯಲ್ಲಿ ಪರಮಾಣುಗಳು ಒಂದೆಡೆ ನಿಲ್ಲಲಾರವು. ಅಲ್ಲಿರುವುದು ದಟ್ಟವಾದ, ಹರಿಯುವ ದ್ರವ್ಯ. ಅನಿಲಕ್ಕೂ ದ್ರವಕ್ಕೂ ನಡುವೆ ಗೆರೆ ಎಳೆಯುವುದು ಸಾಧ್ಯವಿರುವುದು ಹೀಲಿಯಂನಲ್ಲಿ, ಚಳಿಯ ಕಟ್ಟಕಡೆಯ ಮಿತಿಯಾದ ಸೊನ್ನೆ ಕೆಲ್ವಿನ್‌ನಿಂದ ಸುಮಾರು 5.2 ಕೆಲ್ವಿನ್‌ವರೆಗೆ ಮಾತ್ರ. ಅದಕ್ಕಿಂತ ಬಿಸಿಯಾದಾಗ ಎಷ್ಟು ಹಿಂಡಿದರೂ ಕುದಿಯುವ ಮೇಲ್ಮೈ ಎಂಬುದು ಕಾಣಿಸಿಕೊಳ್ಳುವುದಿಲ್ಲ.

ಗುರುವಿನೊಳಗೆ ಅತಿದ್ರವ ಹೀಲಿಯಂ, ಅಂದರೆ ಒಂದಿಷ್ಟೂ ತಡೆಯಿಲ್ಲದೆ ಹರಿಯುವ ಹೀಲಿಯಂ, ಇರಬಹುದೇ?

ಇಲ್ಲ. ಆ ಸ್ಥಿತಿ ಬರುವುದು 2.17 ಕೆಲ್ವಿನ್‌ಗಿಂತ ಕೆಳಗೆ. ಗುರುವಿನಲ್ಲಿ ಎಲ್ಲಿಯೂ ಅಷ್ಟು ಚಳಿಯಿಲ್ಲ.

ಜಲಜನಕ ಅಲ್ಲಿ ಲೋಹವಾಗುತ್ತದೆ ಎನ್ನುತ್ತಾರೆ. ಹೀಲಿಯಂ ಕೂಡ ಆಗುತ್ತದೆಯೇ?

ಜಲಜನಕ ಆಗುತ್ತದೆ. ಒತ್ತಡದಿಂದ ಜಲಜನಕ ಲೋಹವಾಗಬಲ್ಲದು ಎಂದು ವಿಗ್ನರ್ ಮತ್ತು ಹಂಟಿಂಗ್ಟನ್ 1935ರಲ್ಲೇ ಲೆಕ್ಕ ಹಾಕಿದ್ದರು. 1996ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಆಘಾತ ತರಂಗ ಹಾಯಿಸಿ, ಸುಮಾರು 14 ಲಕ್ಷ ವಾಯುಭಾರದಲ್ಲಿ ಬಿಸಿ ದ್ರವ ಜಲಜನಕ ಲೋಹದಂತೆ ವಿದ್ಯುತ್ ಹರಿಸುವುದನ್ನು ಅಳೆದರು.

ಹೀಲಿಯಂ ಹಟಮಾರಿ. ಅದರ ಎರಡು ಎಲೆಕ್ಟ್ರಾನ್‌ಗಳು ಒಂದೇ ಭರ್ತಿಯಾದ ಕವಚದಲ್ಲಿ ಬಿಗಿಯಾಗಿ ಕೂತಿವೆ. ಒಂದನ್ನು ಕಿತ್ತುಹಾಕಲು 24.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬೇರೆ ಯಾವ ಧಾತುವೂ ಇಷ್ಟು ಬೆಲೆ ಕೇಳುವುದಿಲ್ಲ. ತಣ್ಣನೆಯ ಹೀಲಿಯಂ ಅನ್ನು ಬರೀ ಒತ್ತಡದಿಂದ ಲೋಹವಾಗಿಸಲು ಇಪ್ಪತ್ತು ಕೋಟಿ ವಾಯುಭಾರಕ್ಕೂ ಹೆಚ್ಚು ಬೇಕು ಎಂದು ಲೆಕ್ಕಾಚಾರಗಳು ಹೇಳುತ್ತವೆ. ಗುರುವಿನ ಕೇಂದ್ರವೂ ಅಲ್ಲಿಗೆ ಮುಟ್ಟುವುದಿಲ್ಲ. ಅಂಥ ಒತ್ತಡ ಬೇಕೆಂದರೆ ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ತಾರೆಗಳ ಕಡೆ ನೋಡಬೇಕು. ಬಿಸಿ ಜೊತೆಗೂಡಿದಾಗ ಪರಿಸ್ಥಿತಿ ಸ್ವಲ್ಪ ಸಡಿಲಗೊಳ್ಳುತ್ತದೆ: ಹತ್ತಾರು ಸಾವಿರ ಡಿಗ್ರಿಯಲ್ಲಿ ಹಿಂಡಿದ ಹೀಲಿಯಂ ಬೆಳಕನ್ನು ಪ್ರತಿಫಲಿಸತೊಡಗುವುದನ್ನು, ಅಂದರೆ ವಿದ್ಯುತ್ ಹರಿಸತೊಡಗುವುದನ್ನು ಲೇಸರ್ ಪ್ರಯೋಗಗಳು ತೋರಿಸಿವೆ. ಆದರೆ ನಮ್ಮ ಕಥೆಗೆ ಮುಖ್ಯವಾದ ಪದರದಲ್ಲಿ, ಅಂದರೆ ಜಲಜನಕ ಆಗಷ್ಟೇ ಲೋಹವಾಗುವ ಕಡೆ, ಹೀಲಿಯಂ ಇನ್ನೂ ಹೀಲಿಯಂ ಆಗಿಯೇ ಇರುತ್ತದೆ.

ಹಾಗಾದರೆ ಎರಡೂ ಬೇರ್ಪಡುವುದೇಕೆ? ಮೇಲ್ಪದರದಲ್ಲಿ ಬೆರೆತೇ ಇರುತ್ತವಲ್ಲ?

ಈ ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ನಿಧಾನವಾಗಿ ನೋಡೋಣ.

ಮೇಲ್ಪದರದಲ್ಲಿ ಜಲಜನಕ ಜೋಡಿ ಪರಮಾಣುಗಳ ಅಣುವಾಗಿರುತ್ತದೆ. ಎಲೆಕ್ಟ್ರಾನ್‌ಗಳು ಆ ಜೋಡಿಗೇ ಸೇರಿದವು. ಅಣುವಿಗೂ ಹೀಲಿಯಂ ಪರಮಾಣುವಿಗೂ ಪರಸ್ಪರ ಹಗೆಯೂ ಇಲ್ಲ, ಆಕರ್ಷಣೆಯೂ ಹೆಚ್ಚಿಲ್ಲ, ಹಾಗಾಗಿ ಸುಲಭವಾಗಿ ಬೆರೆಯುತ್ತವೆ. ಆಳಕ್ಕೆ ಹೋದಾಗ ಅಣುಗಳು ಒಡೆದು, ಎಲೆಕ್ಟ್ರಾನ್‌ಗಳು ಯಾವ ಪರಮಾಣುವಿಗೂ ಸೇರದೆ ಎಲ್ಲೆಡೆ ಹರಡಿಕೊಳ್ಳುತ್ತವೆ. ಇಂಥ ಎಲೆಕ್ಟ್ರಾನ್ ಸಾಗರದ ನಡುವೆ ಒಂದು ಹೀಲಿಯಂ ಪರಮಾಣು ನಿಂತಿದೆ ಎನ್ನಿ. ಅದರ ಕವಚ ಭರ್ತಿಯಾಗಿದೆ. ಇನ್ನೊಂದು ಎಲೆಕ್ಟ್ರಾನ್‌ಗೆ ಅಲ್ಲಿ ಜಾಗವಿಲ್ಲ ಎಂಬುದು ಪೌಲಿ ನಿಯಮ. ಆದ್ದರಿಂದ ಸ್ವತಂತ್ರ ಎಲೆಕ್ಟ್ರಾನ್‌ಗಳು ಪ್ರತಿಯೊಂದು ಹೀಲಿಯಂ ಪರಮಾಣುವನ್ನೂ ಸುತ್ತು ಹಾಕಿಕೊಂಡು ಹೋಗಬೇಕು. ಹೀಗೆ ಜಾಗ ಕಳೆದುಕೊಂಡ ಎಲೆಕ್ಟ್ರಾನ್‌ಗಳ ಶಕ್ತಿ ಏರುತ್ತದೆ. ಹೀಲಿಯಂ ಪರಮಾಣುಗಳು ಚದುರಿ ನಿಂತಷ್ಟೂ ಈ ದಂಡ ಹೆಚ್ಚು, ಒಟ್ಟಿಗೆ ಗುಂಪುಗೂಡಿದರೆ ಕಡಿಮೆ.

ಇದಕ್ಕೆ ಎದುರಾಗಿ ಕೆಲಸ ಮಾಡುವುದು ಎಂಟ್ರೊಪಿ, ಅಂದರೆ ಚೆಲ್ಲಾಪಿಲ್ಲಿತನದ ಅಳತೆ. ಬೆರೆತಿರುವ ಸ್ಥಿತಿಗೆ ಎಂಟ್ರೊಪಿ ಹೆಚ್ಚು, ಮತ್ತು ಅದರ ಬಲ ತಾಪಮಾನ ಏರಿದಂತೆ ಏರುತ್ತದೆ. ಹೀಗಾಗಿ ಸಾಕಷ್ಟು ಬಿಸಿಯಿದ್ದರೆ ಎರಡೂ ಬೆರೆತಿರುತ್ತವೆ, ತಣ್ಣಗಾದರೆ ಹೀಲಿಯಂ ಹೊರಬೀಳುತ್ತದೆ. ಬಿಸಿ ಪಾಕದಲ್ಲಿ ಪೂರ್ತಿ ಕರಗಿದ್ದ ಸಕ್ಕರೆ, ಪಾಕ ಆರಿದ ಮೇಲೆ ತಳದಲ್ಲಿ ಹರಳುಗಟ್ಟುವುದು ಇದೇ ತತ್ವದಿಂದ.

ಹೀಲಿಯಂ ಮಳೆ ಎಂದರೆ ನಿಜವಾಗಿಯೂ ಮಳೆಯೇ?

ಹನಿಗಳು ಬೀಳುತ್ತವೆ, ಆ ಮಟ್ಟಿಗೆ ಮಳೆಯೇ. ಬೇರ್ಪಟ್ಟ ಹೀಲಿಯಂ ಪರಮಾಣುಗಳು ಸೇರಿ ಹೀಲಿಯಂ ಹೆಚ್ಚಿರುವ ಹನಿಗಳಾಗುತ್ತವೆ. ಸುತ್ತಲಿನ ಲೋಹೀಯ ಜಲಜನಕಕ್ಕಿಂತ ಅವು ಭಾರ, ಹಾಗಾಗಿ ಗ್ರಹದ ಕೇಂದ್ರದ ಕಡೆಗೆ ಇಳಿಯುತ್ತವೆ. ನಮ್ಮ ಮುಂಗಾರಿನ ಹನಿ ಗಾಳಿಯಲ್ಲಿ ಬಿದ್ದರೆ, ಇಲ್ಲಿ ದ್ರವ ದ್ರವದೊಳಗೆ ಬೀಳುತ್ತದೆ. ಮೋಡವಿಲ್ಲ, ಬೆಳಕಿಲ್ಲ, ಬೀಳುವ ಹಾದಿ ಸಾವಿರಾರು ಕಿಲೋಮೀಟರ್. ಆಳದಲ್ಲಿ ತಾಪಮಾನ ಮತ್ತಷ್ಟು ಏರಿದಾಗ ಹನಿಗಳು ಮತ್ತೆ ಜಲಜನಕದಲ್ಲಿ ಕರಗುತ್ತವೆ. ಗುರುವಿನಲ್ಲಿ ಹೀಗೆ ಕರಗಿಹೋಗುವುದೇ ಹೆಚ್ಚು ಸಂಭವನೀಯ. ಶನಿಯಲ್ಲಿ ಮಾತ್ರ ಹನಿಗಳು ಬಹಳ ಆಳದವರೆಗೆ ಇಳಿದು, ಗರ್ಭದ ಸುತ್ತ ಹೀಲಿಯಂ ದಟ್ಟವಾಗಿರುವ ಒಂದು ಪದರವನ್ನೇ ಕಟ್ಟಿರಬಹುದು ಎಂದು ಹಲವು ಮಾದರಿಗಳು ತೋರಿಸುತ್ತವೆ.

ಈ ಯೋಚನೆ ಹುಟ್ಟಿದ್ದು ಹೇಗೆ? ಒಳಗೆ ಯಾರೂ ಹೋಗಿ ನೋಡಿಲ್ಲವಲ್ಲ?

ಶನಿಯ ಬಿಸಿಯಿಂದ. ಗುರು ಮತ್ತು ಶನಿ ಎರಡೂ ಸೂರ್ಯನಿಂದ ಹೀರಿಕೊಳ್ಳುವುದಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿಯನ್ನು ಹೊರಸೂಸುತ್ತವೆ. ಗುರುವಿನ ವಿಷಯದಲ್ಲಿ ವಿವರಣೆ ಸರಳ: ಹುಟ್ಟುವಾಗ ಕುಗ್ಗಿ ಬಿಸಿಯಾದದ್ದು ಈಗಲೂ ಆರುತ್ತಿದೆ. ಅದೇ ಲೆಕ್ಕವನ್ನು ಶನಿಗೆ ಹಾಕಿದರೆ ತಾಳೆಯಾಗುವುದಿಲ್ಲ. ಬರೀ ಆರುತ್ತಾ ಬಂದಿದ್ದರೆ ಶನಿ ಇಂದಿನ ಹೊಳಪಿಗೆ ಸುಮಾರು 200ರಿಂದ 250 ಕೋಟಿ ವರ್ಷಗಳಲ್ಲೇ ಬಂದು ನಿಲ್ಲಬೇಕಿತ್ತು. ಅದರ ನಿಜವಾದ ವಯಸ್ಸು 450 ಕೋಟಿ ವರ್ಷ. ಅಂದರೆ ಅದು ಈ ಹೊತ್ತಿಗೆ ಇನ್ನೂ ಬಹಳ ಮಂಕಾಗಿರಬೇಕಿತ್ತು.

ಎಲ್ಲಿಂದಲೋ ಹೆಚ್ಚುವರಿ ಶಾಖ ಬರುತ್ತಿದೆ. ಭಾರವಾದ ಹೀಲಿಯಂ ಕೆಳಗಿಳಿದಾಗ ಅದರ ಗುರುತ್ವಶಕ್ತಿ ಘರ್ಷಣೆಯ ಮೂಲಕ ಶಾಖವಾಗುತ್ತದೆ. ಗ್ರಹಗಳ ಒಳಗೆ ಹೀಲಿಯಂ ಬೇರ್ಪಡಬಹುದು ಎಂದು 1967ರಲ್ಲಿ ಸ್ಮೊಲುಚೋವ್‌ಸ್ಕಿ, 1973ರಲ್ಲಿ ಎಡ್ವಿನ್ ಸಾಲ್ಪೀಟರ್ ವಾದಿಸಿದರು. ಡೇವಿಡ್ ಸ್ಟೀವನ್‌ಸನ್ ಮತ್ತು ಸಾಲ್ಪೀಟರ್ 1977ರಲ್ಲಿ ಅದಕ್ಕೆ ಪೂರ್ಣ ಭೌತಶಾಸ್ತ್ರದ ರೂಪ ಕೊಟ್ಟರು. ಶನಿ ಚಿಕ್ಕದು, ಬೇಗ ತಂಪಾಯಿತು, ಆದ್ದರಿಂದ ಅಲ್ಲಿ ಮಳೆ ಬಹಳ ಹಿಂದೆಯೇ ಶುರುವಾಗಿದೆ. ಗುರು ಇನ್ನೂ ಬಿಸಿ, ಅಲ್ಲಿ ಇದು ತಡವಾಗಿ, ಸಣ್ಣ ಪ್ರಮಾಣದಲ್ಲಿ ಆರಂಭವಾಗಿರಬೇಕು. ಒಂದು ಗ್ರಹ ಎಷ್ಟು ಹೊಳೆಯುತ್ತದೆ ಎಂಬ ಒಂದೇ ಸಂಖ್ಯೆಯಿಂದ ಅದರ ಹೊಟ್ಟೆಯೊಳಗಿನ ಮಳೆಯನ್ನು ಊಹಿಸಿದ ಈ ತರ್ಕವನ್ನು ಎಷ್ಟು ಮೆಚ್ಚಿದರೂ ಸಾಲದು.

ನೇರ ಸಾಕ್ಷಿ ಏನಾದರೂ ಇದೆಯೇ?

ಇದೆ. ಗುರುವಿನತ್ತ ನಾಸಾ ಕಳಿಸಿದ್ದ ಗೆಲಿಲಿಯೊ ನೌಕೆಯಿಂದ ಬೇರ್ಪಟ್ಟ ಶೋಧಕವೊಂದು 1995ರ ಡಿಸೆಂಬರ್ 7ರಂದು ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಗುರುವಿನ ವಾತಾವರಣಕ್ಕೆ ನುಗ್ಗಿತು. ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತಾ, ಒಂದು ಗಂಟೆಗೆ ಕೊಂಚ ಕಡಿಮೆ ಹೊತ್ತು, ಸುಮಾರು 22 ವಾಯುಭಾರದ ಆಳದವರೆಗೆ ಮಾಹಿತಿ ಕಳಿಸಿತು. ಆಮೇಲೆ ಬಿಸಿಗೆ ಸೋತು ಮೌನವಾಯಿತು.

ಅದರಲ್ಲಿ ಹೀಲಿಯಂ ಅಳೆಯಲೆಂದೇ ಜರ್ಮನಿಯ ವಿಜ್ಞಾನಿಗಳು ರೂಪಿಸಿದ ಪುಟ್ಟ ಉಪಕರಣವೊಂದಿತ್ತು. ಅದು ಮಾಡಿದ ಕೆಲಸ ಇಷ್ಟೇ: ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಗುರುವಿನ ಅನಿಲದ ಮೂಲಕವೂ ಇನ್ನೊಂದನ್ನು ಜೊತೆಗೆ ಒಯ್ದಿದ್ದ ಅನಿಲದ ಮೂಲಕವೂ ಹಾಯಿಸಿ, ಮತ್ತೆ ಕೂಡಿಸುವುದು. ಜಲಜನಕ ಬೆಳಕನ್ನು ಹೀಲಿಯಂಗಿಂತ ಬಹಳ ಹೆಚ್ಚು ನಿಧಾನಗೊಳಿಸುತ್ತದೆ. ಆದ್ದರಿಂದ ಕೂಡಿದ ಬೆಳಕಿನಲ್ಲಿ ಪಟ್ಟೆಗಳು ಎಷ್ಟು ಸರಿದವು ಎಂದು ಎಣಿಸಿದರೆ ಎರಡರ ಅನುಪಾತ ಸಿಗುತ್ತದೆ. ಬಂದ ಉತ್ತರ: ಜಲಜನಕ ಮತ್ತು ಹೀಲಿಯಂನ ಒಟ್ಟು ತೂಕದಲ್ಲಿ ಹೀಲಿಯಂ ಸುಮಾರು 24 ಶತಾಂಶ. ಸೂರ್ಯನ ಮೂಲ ಮೋಡದ 27 ಶತಾಂಶಕ್ಕಿಂತ ಇದು ಕಡಿಮೆ. ಮೇಲಿಂದ ಏನೋ ಕೆಳಗಿಳಿದಿದೆ.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಬೇರೆ ಕಾರಣ ಇರಬಾರದೇಕೆ?

ಇರಬಹುದಿತ್ತು. ಅನುಮಾನವನ್ನು ಬಹುಪಾಲು ತೊಡೆದುಹಾಕಿದ್ದು ನಿಯಾನ್. ಅದೇ ಶೋಧಕ ಅಳೆದ ಆರ್ಗಾನ್, ಕ್ರಿಪ್ಟಾನ್, ಝೆನಾನ್‌ಗಳು ಸೂರ್ಯನಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿದ್ದವು. ನಿಯಾನ್ ಮಾತ್ರ ಸೂರ್ಯನಲ್ಲಿರುವುದರ ಹತ್ತರಲ್ಲಿ ಒಂದು ಪಾಲು! ಒಂದೇ ಕುಟುಂಬದ ಜಡಾನಿಲಗಳಲ್ಲಿ ಒಂದು ಮಾತ್ರ ಹೀಗೆ ಕಾಣೆಯಾದದ್ದೇಕೆ?

ಬರ್ಕ್ಲಿಯ ಹ್ಯೂ ವಿಲ್ಸನ್ ಮತ್ತು ಬರ್ಕ್‌ಹಾರ್ಡ್ ಮಿಲಿಟ್ಜರ್ 2010ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಆ ಒತ್ತಡದಲ್ಲಿ ನಿಯಾನ್ ಲೋಹೀಯ ಜಲಜನಕಕ್ಕಿಂತ ಹೀಲಿಯಂ ಹನಿಯಲ್ಲಿ ಕರಗುವುದನ್ನೇ ಬಯಸುತ್ತದೆ, ಆರ್ಗಾನ್ ಹಾಗೆ ಮಾಡುವುದಿಲ್ಲ. ಹನಿಗಳು ನಿಯಾನನ್ನು ಹೊತ್ತುಕೊಂಡು ಕೆಳಗಿಳಿದಿವೆ. ಹೀಲಿಯಂನ ಕೊರತೆಯನ್ನೂ ನಿಯಾನ್‌ನ ಕೊರತೆಯನ್ನೂ ಒಂದೇ ಏಟಿಗೆ ವಿವರಿಸುವ ಇನ್ನೊಂದು ವಾದ ನನ್ನ ಕಣ್ಣಿಗೆ ಬಿದ್ದಿಲ್ಲ. ಗುರುವಿನಲ್ಲಿ ಹೀಲಿಯಂ ಮಳೆಯಾಗಿದೆ ಎನ್ನಲು ನಾನು ಮೊದಲು ಮುಂದಿಡುವ ಸಾಕ್ಷಿ ನಿಯಾನ್‌ನದು, ಆಮೇಲೆ ಹೀಲಿಯಂನದು.

ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಲು ಸಾಧ್ಯವೇ?

ಬಹಳ ಕಷ್ಟ, ಆದರೆ ಮಾಡಿದ್ದಾರೆ. ಬರೀ ವಜ್ರಗಳಿಂದ ಹಿಂಡಿದರೆ ಒತ್ತಡ ಸಿಗುತ್ತದೆ, ಜೊತೆಗೆ ಸಾವಿರಾರು ಡಿಗ್ರಿ ಬಿಸಿ ಮಾಡಿದರೆ ಜಲಜನಕ ವಜ್ರದೊಳಗೇ ನುಸುಳಿ ಅದನ್ನು ಸೀಳುತ್ತದೆ. ಬರೀ ಲೇಸರ್ ಆಘಾತ ಕೊಟ್ಟರೆ ಮಿಶ್ರಣ ಬೇಕಾದದ್ದಕ್ಕಿಂತ ಹೆಚ್ಚು ಬಿಸಿಯಾಗಿ, ಬೇರ್ಪಡುವ ವಲಯವನ್ನು ದಾಟಿ ಹೋಗಿಬಿಡುತ್ತದೆ. ಫ್ರಾನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳ ತಂಡ ಎರಡನ್ನೂ ಕೂಡಿಸಿತು. ಮೊದಲು ಜಲಜನಕ-ಹೀಲಿಯಂ ಮಿಶ್ರಣವನ್ನು ವಜ್ರಗಳ ನಡುವೆ ಸುಮಾರು 40,000 ವಾಯುಭಾರಕ್ಕೆ ಹಿಂಡಿದರು. ಬಳಿಕ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಒಮೆಗಾ ಲೇಸರ್‌ನಿಂದ ಅದರ ಮೇಲೆ ಹೊಡೆದರು. ಆಘಾತ ತರಂಗ ಹಾದುಹೋಗುವ ಕ್ಷಣಾರ್ಧದಲ್ಲಿ ಒತ್ತಡ 6 ಲಕ್ಷದಿಂದ 18 ಲಕ್ಷ ವಾಯುಭಾರದವರೆಗೆ ಏರಿತು. ಹೊಡೆತಕ್ಕೆ ವಜ್ರಗಳು ಪುಡಿಯಾಗುತ್ತವೆ. ಪ್ರತಿ ಪ್ರಯೋಗಕ್ಕೂ ಹೊಸ ಜೋಡಿ ಬೇಕು.

ಅವರು ನೋಡಿದ್ದು ಆಘಾತದ ಅಲೆ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದನ್ನು. ಲೋಹೀಯ ಜಲಜನಕ ಹೊಳೆಯುತ್ತದೆ, ಆ ಸ್ಥಿತಿಯ ಹೀಲಿಯಂ ಅಷ್ಟು ಹೊಳೆಯುವುದಿಲ್ಲ. ಒಂದು ನಿರ್ದಿಷ್ಟ ತಾಪಮಾನದಲ್ಲಿ ಪ್ರತಿಫಲನ ನುಣುಪಾಗಿ ಬದಲಾಗದೆ ಥಟ್ಟನೆ ಜಿಗಿಯಿತು. ಮಿಶ್ರಣ ಒಡೆದದ್ದರ ಗುರುತು ಅದು ಎಂದು ಅವರು ವಾದಿಸಿದರು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ಪ್ರಕಾರ, ಗುರುವಿನ ತ್ರಿಜ್ಯದ ಸುಮಾರು 15 ಶತಾಂಶದಷ್ಟು ಭಾಗದಲ್ಲಿ ಹೀಲಿಯಂ ಜಲಜನಕದೊಂದಿಗೆ ಬೆರೆಯಲಾರದು.

ಕಂಪ್ಯೂಟರ್ ಲೆಕ್ಕಗಳೂ ಅದನ್ನೇ ಹೇಳುತ್ತವೆಯೇ?

ದಿಕ್ಕು ಒಂದೇ, ಸಂಖ್ಯೆ ಬೇರೆ. 2009ರಲ್ಲಿ ಎರಡು ತಂಡಗಳು ಪರಮಾಣುಗಳ ಚಲನೆಯನ್ನು ಕ್ವಾಂಟಂ ನಿಯಮಗಳಿಂದ ಅನುಕರಿಸಿ ಬೇರ್ಪಡುವ ತಾಪಮಾನವನ್ನು ಲೆಕ್ಕ ಹಾಕಿದವು. ಆಮೇಲಿನ ಹೆಚ್ಚು ಸೂಕ್ಷ್ಮ ಲೆಕ್ಕಗಳು ಆ ತಾಪಮಾನವನ್ನು ಕೆಳಗಿಳಿಸಿದವು. ಕೆಲವು ಲೆಕ್ಕಗಳಲ್ಲಿ ಶನಿಯಲ್ಲಿ ಮಳೆ ಸುರಿದರೂ ಗುರುವಿನಲ್ಲಿ ಸುರಿಯುವುದೇ ಇಲ್ಲ. 2021ರ ಪ್ರಯೋಗ ತೋರಿಸಿದ ತಾಪಮಾನ ಇದಕ್ಕಿಂತ ಬಹಳ ಮೇಲಿದೆ. ಬೆರೆಯುವುದಕ್ಕೂ ಬೇರ್ಪಡುವುದಕ್ಕೂ ನಡುವಿನ ಶಕ್ತಿಯ ಅಂತರ ತೀರಾ ಸಣ್ಣದು. ಲೆಕ್ಕದ ವಿಧಾನದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಉತ್ತರ ಸಾವಿರ ಡಿಗ್ರಿ ಆಚೀಚೆ ಹೋಗುತ್ತದೆ. ಗೆಲಿಲಿಯೊ ಕಂಡ ನಿಯಾನ್ ಕೊರತೆ ಕಣ್ಣೆದುರಿಗಿರುವಾಗ, ಗುರುವಿನಲ್ಲಿ ಮಳೆಯೇ ಇಲ್ಲ ಎನ್ನುವ ಲೆಕ್ಕವನ್ನು ಒಪ್ಪುವುದು ನನಗೆ ಕಷ್ಟ.

ಶನಿಯ ಕಾಂತಕ್ಷೇತ್ರಕ್ಕೂ ಇದಕ್ಕೂ ಏನು ಸಂಬಂಧ?

ಗುರುವಿನ ಕಾಂತ ಅಕ್ಷ ಅದರ ಭ್ರಮಣ ಅಕ್ಷಕ್ಕೆ ಸುಮಾರು 10 ಡಿಗ್ರಿ ವಾಲಿದೆ. ಶನಿಯಲ್ಲಿ ಆ ವಾಲುವಿಕೆ 0.01 ಡಿಗ್ರಿಗೂ ಕಡಿಮೆ ಎಂದು ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆಯ ಕೊನೆಯ ಸುತ್ತುಗಳು ತೋರಿಸಿದವು. ಪೂರ್ತಿ ಸಮಮಿತಿಯ ಕಾಂತಕ್ಷೇತ್ರವನ್ನು ಹರಿಯುವ ದ್ರವ್ಯ ತಾನಾಗಿ ಕಾಪಾಡಿಕೊಳ್ಳಲಾರದು ಎಂದು ಕೌಲಿಂಗ್ 1933ರಲ್ಲೇ ಸಾಧಿಸಿದ್ದರು, ಆದ್ದರಿಂದ ಇದು ತಲೆಕೆಡಿಸುವ ಸಂಗತಿ. ಸ್ಟೀವನ್‌ಸನ್ ಸೂಚಿಸಿದ ಉತ್ತರ ಹೀಗಿದೆ: ಮಳೆ ಬೀಳುವ ವಲಯದಲ್ಲಿ ಕೆಳಗೆ ಹೋದಂತೆ ಹೀಲಿಯಂ ಹೆಚ್ಚುತ್ತಾ, ದ್ರವ್ಯ ಭಾರವಾಗುತ್ತಾ ಹೋಗುತ್ತದೆ, ಹೀಗೆ ಕೆಳಗೆ ಭಾರ, ಮೇಲೆ ಹಗುರ ಇರುವ ಪದರ ಮೇಲೆ ಕೆಳಗೆ ಕದಡುವುದಿಲ್ಲ. ಆದರೆ ವಿದ್ಯುತ್ ಹರಿಸುತ್ತದೆ, ಅಡ್ಡಲಾಗಿ ಸುತ್ತುತ್ತದೆ. ಆಳದಲ್ಲಿ ಹುಟ್ಟಿದ ಕಾಂತಕ್ಷೇತ್ರದ ಓರೆಕೋರೆಗಳು ಈ ಪದರವನ್ನು ದಾಟುವಾಗ ಅಳಿಸಿಹೋಗಿ, ಹೊರಗಿನವರಿಗೆ ನೆಟ್ಟಗಿನ ಭಾಗವಷ್ಟೇ ಕಾಣುತ್ತದೆ.

ಯುರೇನಸ್, ನೆಪ್ಚೂನ್‌ಗಳಲ್ಲೂ ಹೀಲಿಯಂ ಮಳೆ ಇದೆಯೇ?

ನಿರೀಕ್ಷೆಯಿಲ್ಲ. ಅವುಗಳ ಜಲಜನಕ-ಹೀಲಿಯಂ ಹೊದಿಕೆ ತೆಳುವಾದದ್ದು. ಜಲಜನಕ ಲೋಹವಾಗುವಷ್ಟು ಒತ್ತಡ ಬರುವ ಮೊದಲೇ ಆ ಹೊದಿಕೆ ಮುಗಿದು, ನೀರು, ಅಮೋನಿಯಾ, ಮೀಥೇನ್‌ಗಳ ದಟ್ಟ ಪದರ ಆರಂಭವಾಗುತ್ತದೆ.

ಹೀಲಿಯಂ ಪತ್ತೆಗೂ ನಮ್ಮ ನಾಡಿಗೂ ಸಂಬಂಧವಿದೆ ಎನ್ನುತ್ತಾರೆ, ನಿಜವೇ?

ನಿಜ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಯುರೋಪಿನ ವಿಜ್ಞಾನಿಗಳು ದಕ್ಷಿಣ ಭಾರತಕ್ಕೆ ಬಂದಿದ್ದರು. ಫ್ರಾನ್ಸ್‌ನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿದ್ದರು. ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಮೋಡಗಳ ಕಾಟದ ನಡುವೆಯೂ ಅವರು ಸೂರ್ಯನ ಅಂಚಿನ ಜ್ವಾಲೆಯ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ, ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಕಿತ್ತಳೆ ಗೆರೆಯನ್ನು ಸೋಡಿಯಂನದೆಂದೇ ಭಾವಿಸಿದರು. ಅದು ಸೋಡಿಯಂ ಅಲ್ಲ, ಭೂಮಿಯಲ್ಲಿ ಯಾರೂ ಕಾಣದ ಧಾತು ಎಂಬ ತೀರ್ಮಾನಕ್ಕೆ ಬಂದದ್ದು ಇಂಗ್ಲೆಂಡಿನ ನಾರ್ಮನ್ ಲಾಕಿಯರ್. ವಿಲಿಯಂ ರಾಮ್ಸೆ 1895ರಲ್ಲಿ ಯುರೇನಿಯಂ ಇರುವ ಖನಿಜವೊಂದರಿಂದ ಅದನ್ನು ಹೊರತೆಗೆಯುವವರೆಗೆ ಹೀಲಿಯಂ ಸೂರ್ಯನ ಸೊತ್ತಾಗಿಯೇ ಉಳಿದಿತ್ತು.

ಶನಿಯ ಹೀಲಿಯಂ ಪ್ರಮಾಣ ಎಷ್ಟು ಎಂದು ಗೊತ್ತಾಗಿದೆಯೇ?

ಸರಿಯಾಗಿ ಇಲ್ಲ, ಮತ್ತು ಇಂದು ಈ ಕ್ಷೇತ್ರದ ದೊಡ್ಡ ಕೊರತೆ ಇದೇ. ವಾಯೇಜರ್ ನೌಕೆಗಳ ಮಾಹಿತಿಯಿಂದ ಮೊದಲು ತೂಕದಲ್ಲಿ ಸುಮಾರು 6 ಶತಾಂಶ ಎಂದರು. ಆದರೆ ಅದೇ ವಿಧಾನ ಗುರುವಿಗೆ ಕೊಟ್ಟಿದ್ದ ಸಂಖ್ಯೆ ಗೆಲಿಲಿಯೊ ಶೋಧಕ ನೇರವಾಗಿ ಅಳೆದದ್ದಕ್ಕಿಂತ ಕಡಿಮೆಯಿತ್ತು. ವಿಧಾನದಲ್ಲೇ ದೋಷವಿದೆ ಎಂದರಿತು 2000ದಲ್ಲಿ ಮರುಲೆಕ್ಕ ಹಾಕಿದಾಗ ಶನಿಯ ಸಂಖ್ಯೆ 18ರಿಂದ 25 ಶತಾಂಶಕ್ಕೆ ಜಿಗಿಯಿತು. ಕ್ಯಾಸಿನಿಯ 13 ವರ್ಷಗಳ ಮಾಹಿತಿಯಿಂದಲೂ ಎಲ್ಲರೂ ಒಪ್ಪುವ ಒಂದೇ ಸಂಖ್ಯೆ ಬಂದಿಲ್ಲ. 2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿ ಶನಿಯೊಳಗೇ ಧುಮುಕಿತು ನಿಜ. ಆದರೆ ಅದು ಮುಟ್ಟಿದ ಎತ್ತರದಲ್ಲಿ ಅನಿಲ ತೀರಾ ವಿರಳ. ಅಲ್ಲಿ ಭಾರದ ಅನಿಲಗಳು ತಾವಾಗಿಯೇ ಕೆಳಗೆ ಉಳಿದು ಹಗುರವಾದವು ಮೇಲೇರುವುದರಿಂದ, ಕೆಳಗಿನ ಅನುಪಾತ ಅಲ್ಲಿ ಸಿಗುವುದಿಲ್ಲ.

ಬೇಕಾಗಿರುವುದು ಗೆಲಿಲಿಯೊ ಮಾದರಿಯ ಶೋಧಕ. ಹತ್ತು ವಾಯುಭಾರದ ಆಳದವರೆಗೆ ಇಳಿದು ಹೀಲಿಯಂ, ನಿಯಾನ್, ಆರ್ಗಾನ್ ಅಳೆದರೂ ಸಾಕು. ಶನಿಯಲ್ಲಿ ಮಳೆ ಶತಕೋಟಿ ವರ್ಷಗಳಿಂದ ಸುರಿಯುತ್ತಿದ್ದರೆ ನಿಯಾನ್ ಗುರುವಿಗಿಂತಲೂ ಕಡಿಮೆ ಇರಬೇಕು, ಆರ್ಗಾನ್ ಇಳಿದಿರಬಾರದು. ಹೀಗೆ ಶೋಧಕ ಇಳಿಸುವ ಪ್ರಸ್ತಾಪಗಳು ಹಲವು ಬಾರಿ ಮಂಡನೆಯಾಗಿವೆ. ಅಮೆರಿಕದ ಗ್ರಹವಿಜ್ಞಾನಿಗಳು 2022ರ ವರದಿಯಲ್ಲಿ ದೊಡ್ಡ ಯೋಜನೆಗಳ ಪೈಕಿ ಮೊದಲ ಸ್ಥಾನ ಕೊಟ್ಟದ್ದು ಯುರೇನಸ್‌ಗೆ ಹೋಗುವ ನೌಕೆ ಮತ್ತು ಶೋಧಕಕ್ಕೆ. ಅದು ಒಳ್ಳೆಯ ಆಯ್ಕೆಯೇ. ಹೀಲಿಯಂ ಮಳೆಯ ಪ್ರಶ್ನೆಗೆ ಮಾತ್ರ ಉತ್ತರ ಸಿಗಬೇಕಾದದ್ದು ಶನಿಯಲ್ಲಿ.